ಬಿಸಿಲನ್ನು ನೆಲದ ಮೇಲೇ ಬಿಡಿ

ನಮ್ಮ ಫ್ಲಾಟಿನಲ್ಲಿ ರಾಯಚೂರಿನ ಹುಡುಗನೊಬ್ಬ ಇದ್ದಾನೆ, ಎಂ.ಟೆಕ್ ವಿದ್ಯಾರ್ಥಿ. ಮೊನ್ನೆ ಊಟಕ್ಕೆ ಕೂತಾಗ ಸೌರ ವಿಮಾನದ ವಿಡಿಯೊ ತೋರಿಸಿ, "ಅಣ್ಣಾ, ಇನ್ನ ಹತ್ತು ವರ್ಷ ತಡೀರಿ, ವಿಮಾನಕ್ಕ ಎಣ್ಣೀನ ಬೇಕಾಗಂಗಿಲ್ಲ" ಅಂದ. ಆಫೀಸಿನಲ್ಲೂ ಇದೇ ಮಾತು. ಗಚ್ಚಿಬೌಲಿಯ ಟ್ರಾಫಿಕ್ಕಿನಲ್ಲಿ ಒಬ್ಬೊಬ್ಬರೇ ಒಂದೊಂದು ಕಾರಿನಲ್ಲಿ ಕೂತು ಬರುವ ನಾವು, ಹೊಗೆಯ ಚಿಂತೆಯನ್ನು ಮುಂದೆಂದೋ ಬರುವ ಯಂತ್ರಕ್ಕೆ ವಹಿಸಿ ಹಾಯಾಗಿದ್ದೇವೆ. ನನಗೆ ಸಿಟ್ಟು ಇದರ ಮೇಲೆ.

ಆ ವಿಮಾನದ ಮೇಲೆ ಸಿಟ್ಟಿಲ್ಲ. ಸೋಲಾರ್ ಇಂಪಲ್ಸ್ 2 ಒಂದು ಹನಿ ಇಂಧನವಿಲ್ಲದೆ ಭೂಮಿ ಸುತ್ತಿದ್ದು ನಿಜಕ್ಕೂ ದೊಡ್ಡ ಸಾಹಸ. 2015ರ ಮಾರ್ಚ್‌ನಲ್ಲಿ ಅಬುಧಾಬಿಯಿಂದ ಹೊರಟು, ಅಹಮದಾಬಾದ್, ವಾರಾಣಸಿಗಳಲ್ಲೂ ಇಳಿದು, ವಾಪಸ್ ಮುಟ್ಟಿದ್ದು 2016ರ ಜುಲೈಯಲ್ಲಿ. ನಡುವೆ ಬ್ಯಾಟರಿ ಕಾದು ಕೆಟ್ಟು ತಿಂಗಳುಗಟ್ಟಲೆ ಹವಾಯಿಯಲ್ಲಿ ನಿಂತಿತ್ತು. ರೆಕ್ಕೆಯ ಅಗಲ 72 ಮೀಟರ್, ಜಂಬೊ ಜೆಟ್ಟಿಗಿಂತ ಹೆಚ್ಚು. ಮೈಮೇಲೆ ಹದಿನೇಳು ಸಾವಿರಕ್ಕೂ ಹೆಚ್ಚು ಸೌರಕೋಶ. ಸೀಟು ಎಷ್ಟು? ಒಂದು.

ನಮ್ಮ ಬೆಂಗಳೂರಿನ ಎನ್‌ಎಎಲ್‌ನವರೂ 2024ರ ಫೆಬ್ರವರಿಯಲ್ಲಿ ಚಳ್ಳಕೆರೆಯಲ್ಲಿ ಸೌರ ವಿಮಾನ ಹಾರಿಸಿದರು. 23 ಕಿಲೋ ತೂಕ, ಎಂಟೂವರೆ ಗಂಟೆ ಹಾರಾಟ. ಹೆಮ್ಮೆಪಡೋಣ. ಆದರೆ ಅದು ಮೇಲೆ ನಿಂತು ನೋಡುವ ಕಣ್ಣು, ಉಪಗ್ರಹದ ಬದಲಿ. ಜನರನ್ನು ಹೊರುತ್ತೇನೆ ಅಂತ ಅದನ್ನು ಕಟ್ಟಿದವರು ಹೇಳಿಲ್ಲ, ನಾವೇ ಹೇಳಿಕೊಳ್ಳುತ್ತಿದ್ದೇವೆ.

ಊಟ ಮುಗಿಯುವ ಮೊದಲೇ ಹುಡುಗನ ಎದುರು ಲೆಕ್ಕ ಮಾಡಿದೆ. ನಾವು ಬೆಂಗಳೂರಿಗೆ ಹೋಗುವ ಎ320 ವಿಮಾನದ ರೆಕ್ಕೆಯ ವಿಸ್ತೀರ್ಣ ಸುಮಾರು 122 ಚದರ ಮೀಟರ್. ನಡುಮಧ್ಯಾಹ್ನದ ಬಿಸಿಲು ಚದರ ಮೀಟರಿಗೆ ಸುಮಾರು ಒಂದು ಕಿಲೋವ್ಯಾಟ್, ಒಳ್ಳೆಯ ಪ್ಯಾನೆಲ್ ಅದರಲ್ಲಿ ಐದರಲ್ಲೊಂದು ಪಾಲು ಹಿಡಿದೀತು. ಇಡೀ ರೆಕ್ಕೆ ಮುಚ್ಚಿದರೂ ಇಪ್ಪತ್ತೈದು ಕಿಲೋವ್ಯಾಟ್ ಆಸುಪಾಸು. ಮಾರುತಿ ಸ್ವಿಫ್ಟ್ ಎಂಜಿನ್ನಿನ ಅರ್ಧವೂ ಆಗಲಿಲ್ಲ! ಆ ವಿಮಾನ ಗಂಟೆಗೆ ಎರಡು ಟನ್ನಿಗೂ ಹೆಚ್ಚು ಇಂಧನ ಕುಡಿಯುತ್ತದೆ. ಶಾಖವಾಗಿ ಹಾಳಾಗುವುದನ್ನು ಕಳೆದರೂ ಅದಕ್ಕೆ ಬೇಕಾದ್ದು ಈ ಬಿಸಿಲಿನ ನೂರಾರು ಪಟ್ಟು. ಪ್ಯಾನೆಲ್ ಎಷ್ಟೇ ಸುಧಾರಿಸಲಿ, ರೆಕ್ಕೆಯ ಮೇಲೆ ಬೀಳುವ ಬಿಸಿಲು ಹೆಚ್ಚಾಗುವುದಿಲ್ಲ.

ಅದೇ ಪ್ಯಾನೆಲ್ ನೆಲದ ಮೇಲೆ ಏನು ಮಾಡುತ್ತದೆ ಅಂತ ನೋಡಲು ದೂರ ಹೋಗಬೇಕಿಲ್ಲ. ನಾನಕ್‌ರಾಮ್‌ಗುಡದಿಂದ ಹೊರವರ್ತುಲ ರಸ್ತೆಯ ಪಕ್ಕದಲ್ಲಿ 2023ರಲ್ಲಿ ಶುರುವಾದ ಸೈಕಲ್ ಹಾದಿ ಇದೆಯಲ್ಲ, ಒಟ್ಟು 23 ಕಿ.ಮೀ., ಅದರ ಛಾವಣಿ 16 ಮೆಗಾವ್ಯಾಟ್‌ನದು. (ಕಾರಿನ ಹಿಂದೆ ಸೈಕಲ್ ಕಟ್ಟಿಕೊಂಡು ಬಂದು ಅಲ್ಲಿ ತುಳಿಯುವವರನ್ನು ಕಂಡಿದ್ದೇನೆ, ಇರಲಿ.) ಒಂದು ವಿಮಾನವನ್ನು ತೇಲಿಸಿಡಲು ಹೆಚ್ಚುಕಡಿಮೆ ಅಷ್ಟು ಛಾವಣಿ ಬೇಕು. ಅದನ್ನು ಯಾವ ವಿಮಾನದ ಬೆನ್ನಿಗೆ ಕಟ್ಟುತ್ತೀರಿ? ತಂತಿಗೆ ಕೊಡಿ, ರೈಲು ಓಡುತ್ತದೆ, ಬಸ್ಸು ಓಡುತ್ತದೆ. ಕಾಚಿಗೂಡದಿಂದ ಯಶವಂತಪುರಕ್ಕೆ ವಂದೇ ಭಾರತ್ ಬಂದು ವರ್ಷಗಳಾದವು, ಐನೂರಕ್ಕೂ ಹೆಚ್ಚು ಜನ, ಎಂಟೂವರೆ ಗಂಟೆಯ ಹಾದಿ, ಓಡುವುದು ಕರೆಂಟಿನಲ್ಲೇ. ಆದರೂ ಕಳೆದ ದೀಪಾವಳಿಗೆ ನಾನು ವಿಮಾನದಲ್ಲೇ ಹೋದೆ. ಕಾಚಿಗೂಡ ಊರಿನ ಆ ತುದಿಯಲ್ಲಿದೆ, ಮೆಟ್ರೊ ರಾಯದುರ್ಗಕ್ಕೇ ನಿಂತಿದೆ. ಅಲ್ಲಿಂದ ಈ ಕಡೆಗೆ ಏರ್‌ಪೋರ್ಟಿನವರೆಗೆ 2022ರಲ್ಲಿ ಅಡಿಗಲ್ಲು ಹಾಕಿದರು, ಮರುವರ್ಷ ಸರ್ಕಾರ ಬದಲಾಗಿ ಆ ಮಾರ್ಗವನ್ನೇ ಬಿಟ್ಟರು. ಆಗ ನಮ್ಮ ಆಫೀಸಿನಲ್ಲಿ ಯಾರೂ ಚಕಾರ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಶುಕ್ರವಾರ ಹುಡುಗ ಊರಿಗೆ ಹೊರಟ. ಬಸ್ ನಿಲ್ದಾಣ ಸೇರುವುದಕ್ಕೇ ಎರಡು ಗಂಟೆ ಹಿಡಿಯಿತಂತೆ. ರಾತ್ರಿ ಫೋನ್ ಮಾಡಿದ: "ಅಣ್ಣಾ, ಸೀಟು ಸಿಗಲಿಲ್ಲರೀ. ನಿಂತ್ಕೊಂಡೇ ಹೊಂಟೀನಿ."