ಕಿವಿಯ ಬುಡದ ಗಂಟು: ಶಸ್ತ್ರಕ್ಕೆ ಮುನ್ನ ಸೂಜಿ

ಇಷ್ಟಲಿಂಗವನ್ನು ಅಂಗದ ಮೇಲೆ ಧರಿಸುವ ಧರ್ಮ ನಮ್ಮದು. ಶರಣ ಪರಂಪರೆಯು ಶರೀರವನ್ನು ಕೀಳೆಂದು ಕಾಣಲಿಲ್ಲ; ಕಾಯವಿಲ್ಲದೆ ಕಾಯಕವಿಲ್ಲ. ಆದುದರಿಂದ ಶರೀರರಕ್ಷಣೆಯೂ ಧರ್ಮಾಚರಣೆಯ ಒಂದು ಅಂಗವೆಂದೇ ತಿಳಿಯಬೇಕು. ಆದರೆ ನೋವು ಕೊಡದ ರೋಗವನ್ನು ರೋಗವೆಂದು ಎಣಿಸದಿರುವುದು ನಮ್ಮ ಮನೆಗಳ ವಾಡಿಕೆ. ಕಿವಿಯ ಬುಡದಲ್ಲಿ ಅಡಿಕೆಯಷ್ಟು ಗಂಟು ಕಾಣಿಸಿಕೊಂಡರೆ ಪಟ್ಟು ಹಾಕುತ್ತೇವೆ, ಕೆಲವೆಡೆ ಬರೆ ಎಳೆಸುವುದೂ ಉಂಟು. ಮನೆಯ ಹೆಣ್ಣುಮಗಳಿಗಾದರೆ ಮುಖದ ಮೇಲೆ ಗುರುತು ಬೀಳುವುದೆಂದು ಅಂಜಿ, ಮದುವೆ ಮುಗಿಯುವವರೆಗೆ ಮುಚ್ಚಿಡುತ್ತೇವೆ. ಹೀಗೆ ವರುಷಗಳು ಕಳೆಯುತ್ತವೆ.

ಗಂಟುಗಳೆಲ್ಲ ಒಂದೇ ಅಲ್ಲ

ಜೊಲ್ಲುರಸವನ್ನು ಒದಗಿಸುವ ಮೂರು ಜೋಡಿ ದೊಡ್ಡ ಗ್ರಂಥಿಗಳು ನಮಗಿವೆ. ಕಿವಿಯ ಮುಂದೆ ಇರುವುದು ಪೆರೋಟಿಡ್ ಗ್ರಂಥಿ. ಉಳಿದೆರಡು ಜೋಡಿಗಳು ದವಡೆಯ ಕೆಳಗೆ ಮತ್ತು ನಾಲಿಗೆಯ ಅಡಿಯಲ್ಲಿವೆ. ಇವು ಊದಿಕೊಳ್ಳಲು ಕಾರಣಗಳು ಅನೇಕ. ಮಕ್ಕಳಲ್ಲಿ ಜ್ವರದೊಡನೆ ಬರುವ ಮಂಗನಬಾವು ತಾನಾಗಿಯೇ ಇಳಿಯುತ್ತದೆ. ಊಟಕ್ಕೆ ಕುಳಿತಾಗಲೆಲ್ಲ ದವಡೆಯಡಿ ಉಬ್ಬಿ ನೋಯುವುದಾದರೆ ಅಲ್ಲಿ ಹರಳು ಕಟ್ಟಿರುವ ಸಂಭವ ಹೆಚ್ಚು. ಗ್ರಂಥಿಯ ಬಳಿಯ ಹಾಲುರಸ ಗಂಟಿಗೆ ಕ್ಷಯ ತಗುಲಿದರೂ ಹೊರನೋಟಕ್ಕೆ ಗಡ್ಡೆಯಂತೆಯೇ ತೋರುತ್ತದೆ. ಅದಕ್ಕೆ ಬೇಕಾದುದು ಕತ್ತಿಯಲ್ಲ, ಕ್ಷಯದ ಔಷಧಿ.

ನಿಜವಾದ ಗಡ್ಡೆಗಳಲ್ಲಿ ಹೆಚ್ಚಿನವು ಪೆರೋಟಿಡ್ ಗ್ರಂಥಿಯಲ್ಲಿಯೇ ಹುಟ್ಟುತ್ತವೆ. ಅವುಗಳಲ್ಲಿ ನೂರಕ್ಕೆ ಸುಮಾರು 80 ಸಾಧು ಗಡ್ಡೆಗಳು, ಎಂದರೆ ಕ್ಯಾನ್ಸರ್ ಅಲ್ಲದವು. ಉಳಿದ ಗ್ರಂಥಿಗಳಲ್ಲಿ ಗಡ್ಡೆ ಅಪರೂಪ. ಬಂದರೆ ಕ್ಯಾನ್ಸರ್ ಆಗಿರುವ ಸಂಭವ ಹೆಚ್ಚು. ಇವನ್ನೆಲ್ಲ ಬೆರಳಿನಿಂದ ಮುಟ್ಟಿ ಬೇರ್ಪಡಿಸುವುದು ನುರಿತ ವೈದ್ಯರಿಗೂ ಕಷ್ಟ.

ಸೂಜಿ ಪರೀಕ್ಷೆ ಎಂದರೇನು?

ಇಂಜೆಕ್ಷನ್ನಿಗೆ ಬಳಸುವಂಥ ತೆಳುವಾದ ಸೂಜಿಯನ್ನು ಗಂಟಿನೊಳಗೆ ತೂರಿಸಿ, ಕೆಲವು ಜೀವಕೋಶಗಳನ್ನು ಹೀರಿ ತೆಗೆಯುತ್ತಾರೆ. ಅವನ್ನು ಗಾಜಿನ ಪಟ್ಟಿಯ ಮೇಲೆ ಹರಡಿ, ಬಣ್ಣ ಕಟ್ಟಿ, ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಇದನ್ನೇ ವೈದ್ಯರು ಎಫ್.ಎನ್.ಎ.ಸಿ. ಎಂದು ಚೀಟಿಯಲ್ಲಿ ಬರೆಯುವುದು. ಅರಿವಳಿಕೆ ಸಾಮಾನ್ಯವಾಗಿ ಬೇಕಾಗುವುದಿಲ್ಲ, ಹೊಲಿಗೆಯಿಲ್ಲ, ಮುಖದ ಮೇಲೆ ಕಲೆ ಉಳಿಯುವುದಿಲ್ಲ. ಕೆಲವೇ ನಿಮಿಷಗಳಲ್ಲಿ ಮುಗಿದು, ಅಂದೇ ಮನೆಗೆ ಮರಳಬಹುದು. ನ್ಯೂಯಾರ್ಕಿನ ಮಾರ್ಟಿನ್ ಮತ್ತು ಎಲ್ಲಿಸ್ 1930ರಲ್ಲಿ ಸೂಜಿಯಿಂದ ಗಡ್ಡೆಯನ್ನು ಪರೀಕ್ಷಿಸುವ ವಿಧಾನವನ್ನು ಪ್ರಕಟಿಸಿದರು. ಅನಂತರ ಸ್ವೀಡನ್ನಿನ ವೈದ್ಯರು ತೆಳು ಸೂಜಿಯ ಪದ್ಧತಿಯನ್ನು ಬೆಳೆಸಿದರು.

ಸೂಜಿ ಚುಚ್ಚಿದರೆ ಗಂಟು ಕೆರಳಿ ಕ್ಯಾನ್ಸರ್ ಆಗುತ್ತದೆಂಬ ಮಾತು ಜನರಲ್ಲಿ ಬೇರೂರಿದೆ. ಇದು ನಿರಾಧಾರ. ಸಾಧು ಗಡ್ಡೆಯನ್ನು ಸೂಜಿ ಕ್ಯಾನ್ಸರ್ ಮಾಡದು. ತೆಳು ಸೂಜಿಯಿಂದ ರೋಗ ಹರಡುವುದು ಅತ್ಯಂತ ವಿರಳ. ಗಡ್ಡೆಯ ಸ್ವರೂಪ ತಿಳಿಯದೆ ಆತುರದಿಂದ ಅದನ್ನು ಕೆದಕಿ ತೆಗೆಯುವುದೇ ಅಪಾಯಕರ. ಚೂರುಗಳು ಉಳಿದರೆ ವರುಷಗಳ ಬಳಿಕ ಅಲ್ಲಿಯೇ ಹಲವು ಗಂಟುಗಳು ಮತ್ತೆ ಏಳುತ್ತವೆ. ಪೆರೋಟಿಡ್ ಗ್ರಂಥಿಯ ನಡುವೆಯೇ ಮುಖದ ನರವು ಐದು ಕವಲುಗಳಾಗಿ ಹಾಯ್ದಿದೆ. ಅದಕ್ಕೆ ಪೆಟ್ಟಾದರೆ ಕಣ್ಣು ಮುಚ್ಚದು, ಬಾಯಿ ಸೊಟ್ಟಗಾಗುವುದು, ಕುಡಿದ ನೀರು ಕಟವಾಯಿಯಿಂದ ಸುರಿಯುವುದು. ಗಡ್ಡೆ ಯಾವುದೆಂದು ಮೊದಲೇ ತಿಳಿದರೆ, ಎಷ್ಟು ಭಾಗ ತೆಗೆಯಬೇಕು, ನರವನ್ನು ಹೇಗೆ ಕಾಪಾಡಬೇಕು ಎಂಬುದನ್ನು ಶಸ್ತ್ರವೈದ್ಯರು ಮುಂಚಿತವಾಗಿ ನಿರ್ಧರಿಸಬಲ್ಲರು.

ಸಾಧು ಎಂದರೆ ಬಿಟ್ಟುಬಿಡಬಹುದೇ?

ಇಲ್ಲಿಯೇ ಹಲವರು ಎಡವುತ್ತಾರೆ. ಅತ್ಯಂತ ಸಾಮಾನ್ಯವಾದ ಸಾಧು ಗಡ್ಡೆ ಪ್ಲಿಯೋಮಾರ್ಫಿಕ್ ಅಡಿನೋಮ. ಇದು ನಿಧಾನವಾಗಿ ಬೆಳೆಯುತ್ತದೆ, ನೋಯುವುದಿಲ್ಲ. ಆದರೆ ವರುಷಗಳು ಉರುಳಿದಂತೆ ಕ್ಯಾನ್ಸರಿಗೆ ತಿರುಗುವ ಸಂಭವ ಏರುತ್ತ ಹೋಗುತ್ತದೆ. ಆದುದರಿಂದ ತೆಗೆಸುವುದೇ ಲೇಸು. ಧೂಮಪಾನಿಗಳಲ್ಲಿ ಹೆಚ್ಚಾಗಿ ಕಾಣುವ ವಾರ್ಥಿನ್ ಗಡ್ಡೆಯನ್ನಾದರೋ ವಯಸ್ಸಾದವರಲ್ಲಿ, ವೈದ್ಯರು ಒಪ್ಪಿದರೆ, ನೋಡುತ್ತ ಇರಬಹುದು.

ಸೂಜಿಯ ತೀರ್ಪು ಬಹುಪಾಲು ಸರಿಯಾಗಿರುತ್ತದೆಯಾದರೂ ಅದೇ ಕೊನೆಯ ಮಾತಲ್ಲ. 2018ರಲ್ಲಿ ರೂಪುಗೊಂಡ ಮಿಲಾನ್ ಪದ್ಧತಿಯು ಈ ವರದಿಗಳನ್ನು ಆರು ವರ್ಗಗಳಲ್ಲಿ ವಿಂಗಡಿಸುತ್ತದೆ. ಮೊದಲ ವರ್ಗವೆಂದರೆ ಸಾಕಷ್ಟು ಜೀವಕೋಶಗಳು ದೊರೆಯಲಿಲ್ಲ ಎಂದರ್ಥವೇ ಹೊರತು ರೋಗವಿಲ್ಲವೆಂದಲ್ಲ. ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಬೇಕು. ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗಡ್ಡೆಯನ್ನೂ ಪ್ರಯೋಗಶಾಲೆಗೆ ತಪ್ಪದೆ ಕಳುಹಿಸಬೇಕು.

ಎಲ್ಲಿಗೆ ಹೋಗಬೇಕು?

ಈ ಭಾಗದವರು ಇದಕ್ಕಾಗಿ ದೂರ ಅಲೆಯಬೇಕಿಲ್ಲ. ಚಿತ್ರದುರ್ಗದ ಬೃಹನ್ಮಠದ ಜಗದ್ಗುರು ಜಯದೇವ ಮುರುಘರಾಜೇಂದ್ರರ ಹೆಸರನ್ನು ಹೊತ್ತ ಜೆ.ಜೆ.ಎಂ. ವೈದ್ಯಕೀಯ ಮಹಾವಿದ್ಯಾಲಯ ದಾವಣಗೆರೆಯಲ್ಲಿ 1965ರಲ್ಲಿಯೇ ಆರಂಭವಾಯಿತು. ಅದಕ್ಕೆ ಹೊಂದಿಕೊಂಡ ಬಾಪೂಜಿ ಆಸ್ಪತ್ರೆಯೂ, ಚಿಗಟೇರಿ ಜಿಲ್ಲಾ ಆಸ್ಪತ್ರೆಯೂ ನಗರದಲ್ಲಿವೆ. ಹರಿಹರದ ಬಂಧುಗಳಿಗೆ ಇದು ಸುಮಾರು 14 ಕಿಲೋಮೀಟರಿನ ದಾರಿ. ಬೆಳಗಿನ ಲಿಂಗಪೂಜೆ, ಪ್ರಸಾದ ಮುಗಿಸಿ ಹೊರಟವರು ಸೂಜಿ ಪರೀಕ್ಷೆ ಮಾಡಿಸಿಕೊಂಡು ಅದೇ ದಿನ ಊರು ಸೇರಬಹುದು. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು ಅದನ್ನು ವೈದ್ಯರಿಗೆ ಮುಂಚೆಯೇ ತಿಳಿಸಬೇಕು.

ಗಂಟು ಬೇಗ ಬೇಗ ಬೆಳೆಯತೊಡಗಿದರೆ, ಅಲುಗಾಡದಂತೆ ಗಟ್ಟಿಯಾದರೆ, ನೋವು ಬಂದರೆ, ಮುಖ ಒಂದು ಕಡೆ ಸೊಟ್ಟಗಾದರೆ ಒಂದು ದಿನವೂ ತಡಮಾಡಬಾರದು. ಉಳಿದವರೂ ಎರಡು ಮೂರು ವಾರಗಳಲ್ಲಿ ಇಳಿಯದ ಗಂಟನ್ನು ತೋರಿಸಲೇಬೇಕು. ಮದುವೆಯ ಮಾತುಕತೆಗಿಂತ ಮನೆಯ ಮಗಳ ಆರೋಗ್ಯ ದೊಡ್ಡದು. ಸೂಜಿಯ ನೋವು ಕ್ಷಣಮಾತ್ರದ್ದು. ಮುಚ್ಚಿಟ್ಟ ಗಂಟಿನ ನೋವು ಮನೆಮಂದಿಗೆಲ್ಲ ಬರುವಂಥದ್ದು.