ಅಡಿ ಲೆಕ್ಕದಲ್ಲಿ ಮರೆತ ಶಿಲುಬೆ

ಕನಕಪುರ ತಾಲ್ಲೂಕಿನ ಹಾರೋಬೆಲೆ ಕಪಾಲಬೆಟ್ಟ ನೆನಪಿದೆಯಾ? 2019ರ ಕ್ರಿಸ್‌ಮಸ್ ದಿನ ಅಲ್ಲಿ 114 ಅಡಿ ಯೇಸು ಪ್ರತಿಮೆಗೆ ಅಡಿಗಲ್ಲು ಬಿತ್ತು. ಮುಂದಿನ ಜನವರಿಯಲ್ಲಿ ಕನಕಪುರದಲ್ಲಿ ವಿರೋಧದ ಮೆರವಣಿಗೆಯೂ ಆಯ್ತು. ಸುದ್ದಿ ಬರೆಯೋ ನಾವೂ ಅಡಿ, ಎಕರೆ, ಪಕ್ಷ ಅಂತ ಎಣಿಸಿದ್ದೇ ಎಣಿಸಿದ್ದು. ಕಪಾಲಕ್ಕೂ ಶಿಲುಬೆಗೂ ಏನು ನಂಟು ಅಂತ ಬರೆಯಲಿಲ್ಲ.

ಯೇಸುವನ್ನು ಶಿಲುಬೆಗೇರಿಸಿದ ಜಾಗ ಗೊಲ್ಗೊಥಾ. ಹಾಗಂದ್ರೆ ಕಪಾಲ, ತಲೆಬುರುಡೆ. ಗುಲಾಮರಿಗೆ, ದಂಗೆ ಎದ್ದವರಿಗೆ ರೋಮನ್ನರು ಎಲ್ಲರ ಕಣ್ಣೆದುರೇ ಕೊಡುತ್ತಿದ್ದ ಶಿಕ್ಷೆ ಅದು. ಅಂಥ ಅವಮಾನದ ಮರವನ್ನೇ ಕ್ರೈಸ್ತರು, ನಮ್ಮ ಪಾಪವನ್ನು ದೇವರೇ ಹೊತ್ತ ಗುರುತು ಅಂತ ಪೂಜಿಸುತ್ತಾರೆ. ಶುಭ ಶುಕ್ರವಾರ ಶಿಲುಬೆ ಹಾದಿಯ 14 ಸ್ಥಲಗಳಲ್ಲಿ ಮಂಡಿಯೂರುವವರಿಗೆ ಎರಡಡಿ ಮರದ್ದೂ ಸಾಕು ಅಂತ ನಮಗನಿಸುತ್ತೆ.

ಪ್ರತಿಮೆ ಮಾತು ಮತ್ತೆ ಎದ್ದರೆ, ನಾವು ಮೊದಲು ಹಾರೋಬೆಲೆಯ ಅಜ್ಜಿಯರನ್ನು ಮಾತಾಡಿಸ್ತೀವಿ. ಅಡಿ ಲೆಕ್ಕ ಆಮೇಲೆ.