ಗೆದ್ದವರಿಗೆ ಬಾಗಿಲು ಮುಚ್ಚಿದ ಲೀಗ್

2017ರ ಎಪ್ರಿಲ್ 30. ಐ-ಲೀಗ್ ಫುಟ್ಬಾಲ್ ಋತುವಿನ ಕೊನೆಯ ದಿನ. ಶಿಲ್ಲಾಂಗಿನ ಮೈದಾನಕ್ಕಿಳಿದಿದ್ದ ಮಿಜೋರಾಮಿನ ಐಜ್ವಾಲ್ ಎಫ್‌ಸಿ ತಂಡಕ್ಕೆ ರಾಷ್ಟ್ರೀಯ ಚಾಂಪಿಯನ್ ಆಗಲು ಒಂದೇ ಒಂದು ಅಂಕ ಸಾಕಿತ್ತು. ಆದರೆ ಆಟ ಆರಂಭವಾಗಿ ಹತ್ತು ನಿಮಿಷ ಕಳೆಯುವ ಮೊದಲೇ ಆತಿಥೇಯ ಶಿಲ್ಲಾಂಗ್ ಲಜೊಂಗ್ ಗೋಲು ಹೊಡೆಯಿತು. ಅತ್ತ ಕೋಲ್ಕತಾದಲ್ಲಿ ಮೋಹನ್ ಬಗಾನ್ ತನ್ನ ಪಂದ್ಯವನ್ನು ಗೆಲ್ಲುವ ಹಾದಿಯಲ್ಲಿತ್ತು. ಅರವತ್ತೇಳನೆಯ ನಿಮಿಷದಲ್ಲಿ ವಿಲಿಯಂ ಲಾಲ್ನುನ್‌ಫೆಲಾ ಎಂಬ ಮಿಜೋ ಯುವಕ ಗೋಲು ಬಾರಿಸಿ ಪಂದ್ಯವನ್ನು ಸಮಸ್ಥಿತಿಗೆ ತಂದನು. 18 ಪಂದ್ಯಗಳಿಂದ ಐಜ್ವಾಲ್ 37 ಅಂಕ ಗಳಿಸಿತು. ಮೋಹನ್ ಬಗಾನ್ ಗಳಿಸಿದ್ದು 36. ಈಶಾನ್ಯ ಭಾರತದ ತಂಡವೊಂದು ದೇಶದ ಉನ್ನತ ಫುಟ್ಬಾಲ್ ಲೀಗನ್ನು ಗೆದ್ದದ್ದು ಅದೇ ಮೊದಲು.

ಈ ಗೆಲುವಿನ ಹಿರಿಮೆಯನ್ನು ಅರಿಯಬೇಕಾದರೆ ಅದರ ಹಿಂದಿನ ವರ್ಷದತ್ತ ಕಣ್ಣು ಹಾಯಿಸಬೇಕು. 2015-16ರ ಋತುವಿನಲ್ಲಿ ಒಂಬತ್ತು ತಂಡಗಳ ಪೈಕಿ ಐಜ್ವಾಲ್ ಎಂಟನೆಯ ಸ್ಥಾನದಲ್ಲಿತ್ತು. ಕೊನೆಯ ಸ್ಥಾನದಲ್ಲಿದ್ದ ತಂಡವು ಕಾರ್ಪೊರೇಟ್ ನೇರ ಪ್ರವೇಶದ ಮೂಲಕ ಲೀಗಿಗೆ ಬಂದದ್ದಾಗಿದ್ದರಿಂದ ಅದಕ್ಕೆ ಹಿಂಬಡ್ತಿಯಿಂದ ವಿನಾಯಿತಿಯಿತ್ತು. ಕೆಳಗಿನ ದರ್ಜೆಯಿಂದ ಆಡಿ ಗೆದ್ದು ಮೇಲೆ ಬಂದಿದ್ದ ಐಜ್ವಾಲ್‌ಗೆ ಅಂತಹ ಯಾವ ರಕ್ಷಣೆಯೂ ಇರಲಿಲ್ಲ. ಹಾಗಾಗಿ ತನಗಿಂತ ಕೆಳಗಿದ್ದವರು ಉಳಿದರು, ಐಜ್ವಾಲ್ ಹೊರಬಿತ್ತು. ಬಳಿಕ ಗೋವಾದ ಕ್ಲಬ್‌ಗಳು ಲೀಗಿನಿಂದ ಹಿಂದೆ ಸರಿದಾಗ ಖಾಲಿಯಾದ ಜಾಗದಲ್ಲಿ ಅದಕ್ಕೆ ಮರುಪ್ರವೇಶ ದೊರೆಯಿತು. ಅಂದರೆ, 2017ರ ಚಾಂಪಿಯನ್ನರು ಆ ಋತುವಿಗೆ ಬಂದದ್ದು ಹಿಂಬಾಗಿಲ ಬಳಿ ಕಾದು ನಿಂತವರಂತೆ.

ತಂಡದ ತರಬೇತುದಾರ ಖಾಲಿದ್ ಜಮೀಲ್ ಅವರ ಕಥೆಯೂ ಇದಕ್ಕಿಂತ ಭಿನ್ನವಲ್ಲ. ಕುವೈತ್‌ನಲ್ಲಿ ಜನಿಸಿದ ಈ ಮಿತಭಾಷಿಯನ್ನು ವರ್ಷಗಳ ಕಾಲ ದುಡಿಸಿಕೊಂಡ ಮುಂಬೈ ಎಫ್‌ಸಿ ಆ ಋತುವಿಗೆ ಮುಂಚೆ ಕೈಬಿಟ್ಟಿತ್ತು. ಅವರು ಬೆಟ್ಟದೂರಿಗೆ ಹೋಗಿ, ಊರಿನ ಹುಡುಗರೊಂದಿಗೆ ಮುಂಬೈಯಲ್ಲಿ ಯಾರಿಗೂ ಬೇಡವಾಗಿದ್ದ ಜಯೇಶ್ ರಾಣೆ, ಆಶುತೋಷ್ ಮೆಹ್ತಾರಂತಹವರನ್ನು, ಸಿರಿಯಾದ ಮಹಮೂದ್ ಅಲ್ ಅಮ್ನಾ ಮತ್ತು ಲೈಬೀರಿಯಾದ ಆಲ್ಫ್ರೆಡ್ ಜರಿಯಾನ್‌ರನ್ನು ಸೇರಿಸಿ ಒಂದು ತಂಡ ಕಟ್ಟಿದರು. ಭಾಷೆ ಬೇರೆ, ಧರ್ಮ ಬೇರೆ, ಆಹಾರ ಬೇರೆ. ಕ್ರೈಸ್ತರೇ ಬಹುಸಂಖ್ಯಾತರಾಗಿರುವ ಆ ಊರು ಮುಸ್ಲಿಂ ತರಬೇತುದಾರನನ್ನು ತನ್ನವನೆಂದೇ ಹೆಗಲ ಮೇಲೆ ಹೊತ್ತಿತು. ಋತುವಿನ ಕೊನೆಯಲ್ಲಿ ಖಾಲಿದ್ ಚಾಂಪಿಯನ್ ತಂಡದ ಗುರುವಾದರು. ಅವರನ್ನು ಕೈಬಿಟ್ಟ ಮುಂಬೈ ಎಫ್‌ಸಿ ಕೊನೆಯ ಸ್ಥಾನಕ್ಕಿಳಿಯಿತು.

ಇದು ಬರೀ ಅದೃಷ್ಟದ ಆಟವಾಗಿತ್ತೇ? ಅಲ್ಲ. 2011ರ ಜನಗಣತಿಯ ಪ್ರಕಾರ ಮಿಜೋರಾಮಿನ ಜನಸಂಖ್ಯೆ ಹನ್ನೊಂದು ಲಕ್ಷವನ್ನೂ ಮುಟ್ಟುವುದಿಲ್ಲ. ಆ ಪುಟ್ಟ ರಾಜ್ಯ 2012ರಲ್ಲಿ ತನ್ನದೇ ಪ್ರೀಮಿಯರ್ ಲೀಗನ್ನು ಆರಂಭಿಸಿತು. ಸ್ಥಳೀಯ ಕೇಬಲ್ ವಾಹಿನಿಯೊಂದು ಆ ಪಂದ್ಯಗಳನ್ನು ಮನೆಮನೆಗೆ ತಲುಪಿಸಿತು. 2014ರಲ್ಲಿ ರಾಜ್ಯ ತಂಡ ಸಂತೋಷ್ ಟ್ರೋಫಿಯನ್ನು ಗೆದ್ದಿತು. ಐಜ್ವಾಲ್‌ನ ಗೆಲುವು ಈ ಬೇರಿನಿಂದ ಚಿಗುರಿದ ಮರ. ಋತುವಿನ ನಿರ್ಣಾಯಕ ಪಂದ್ಯದಲ್ಲಿ, ಅಂದರೆ ಎಪ್ರಿಲ್ 22ರಂದು, ತನ್ನ ಅಂಗಳದಲ್ಲೇ ಐಜ್ವಾಲ್ ಮೋಹನ್ ಬಗಾನ್ ತಂಡವನ್ನು 1-0 ಅಂತರದಿಂದ ಸೋಲಿಸಿತ್ತು. ಹಾಲಿ ಚಾಂಪಿಯನ್ ಆಗಿದ್ದ ನಮ್ಮ ಬೆಂಗಳೂರು ಎಫ್‌ಸಿ ಆ ವರ್ಷ ನಾಲ್ಕನೆಯ ಸ್ಥಾನಕ್ಕೆ ತೃಪ್ತಿಪಟ್ಟುಕೊಂಡಿತು.

ಇಷ್ಟೆಲ್ಲ ಆದ ಮೇಲೆ ಆ ತಂಡಕ್ಕೆ ದೊರೆತದ್ದೇನು? ಕಥೆಯ ನಿಜವಾದ ಭಾಗ ಇಲ್ಲಿಂದ ಆರಂಭವಾಗುತ್ತದೆ.

2010ರಲ್ಲಿ ಅಖಿಲ ಭಾರತ ಫುಟ್ಬಾಲ್ ಫೆಡರೇಷನ್ ತನ್ನ ವಾಣಿಜ್ಯ ಹಕ್ಕುಗಳನ್ನು 15 ವರ್ಷಗಳ ಅವಧಿಗೆ ಐಎಂಜಿ-ರಿಲಯನ್ಸ್ ಸಂಸ್ಥೆಗೆ ಒಪ್ಪಿಸಿತ್ತು. ಅದರ ಫಲವಾಗಿ 2014ರಲ್ಲಿ ಇಂಡಿಯನ್ ಸೂಪರ್ ಲೀಗ್ ಹುಟ್ಟಿತು. ಅದರೊಳಗೆ ಪ್ರವೇಶ ಪಡೆಯಲು ಮೈದಾನದಲ್ಲಿ ಗೆಲ್ಲಬೇಕಾಗಿರಲಿಲ್ಲ, ಫ್ರಾಂಚೈಸಿ ಶುಲ್ಕ ಕಟ್ಟಬೇಕಾಗಿತ್ತು. ಐಜ್ವಾಲ್ ಐ-ಲೀಗ್ ಗೆದ್ದ ಹೊತ್ತಿಗೆ, ಸೂಪರ್ ಲೀಗನ್ನೇ ದೇಶದ ಉನ್ನತ ಲೀಗ್ ಆಗಿ ಮಾಡಿ ಐ-ಲೀಗನ್ನು ಕೆಳಗಿಳಿಸುವ ಮಾತುಕತೆ ನಡೆಯುತ್ತಿತ್ತು. ಚಾಂಪಿಯನ್ ತಂಡವೊಂದು ತನ್ನನ್ನು ಕೆಳಗಿನ ದರ್ಜೆಗೆ ತಳ್ಳಬೇಡಿರೆಂದು ಬೇಡಿಕೊಳ್ಳಬೇಕಾಯಿತು. ಆಮರಣ ಉಪವಾಸದ ಎಚ್ಚರಿಕೆಯನ್ನೂ ನೀಡಬೇಕಾಯಿತು. ಕಪ್ ಎತ್ತಿದ ಕೈಗಳೇ ಅರ್ಜಿ ಹಿಡಿದು ನಿಲ್ಲುವ ಇಂತಹ ವಿಡಂಬನೆ ಬೇರೆಲ್ಲಿದೆ? ಅದೇ ಬೇಸಿಗೆಯಲ್ಲಿ ಬೆಂಗಳೂರು ಎಫ್‌ಸಿ ಸೂಪರ್ ಲೀಗಿಗೆ ದಾಟಿತು. ನಾಲ್ಕನೆಯ ಸ್ಥಾನದಲ್ಲಿದ್ದವರಿಗೆ ಬಾಗಿಲು ತೆರೆಯಿತು, ಮೊದಲ ಸ್ಥಾನದಲ್ಲಿದ್ದವರಿಗೆ ತೆರೆಯಲಿಲ್ಲ. ಇದು ಬೆಂಗಳೂರಿನ ಆಟಗಾರರ ತಪ್ಪಲ್ಲ. ಬಾಗಿಲಿಗೆ ಬೆಲೆ ಕಟ್ಟಿದವರ ತಪ್ಪು.

ತಾತ್ಕಾಲಿಕವಾಗಿ ಎರಡೂ ಲೀಗ್‌ಗಳು ಜೊತೆಜೊತೆಗೆ ನಡೆದವು. ಐಜ್ವಾಲ್‌ಗೆ 2018ರ ಆರಂಭದಲ್ಲಿ ಏಷ್ಯನ್ ಚಾಂಪಿಯನ್ಸ್ ಲೀಗಿನ ಅರ್ಹತಾ ಪಂದ್ಯವೊಂದನ್ನು ಇರಾನಿನಲ್ಲಿ ಆಡುವ ಅವಕಾಶ ಸಿಕ್ಕಿತು. 2019-20ರ ಋತುವಿನಿಂದ ಸೂಪರ್ ಲೀಗ್ ಅಧಿಕೃತವಾಗಿ ಉನ್ನತ ಲೀಗ್ ಆಯಿತು. ಅನಂತರ ಕೇರಳದ ಗೋಕುಲಂ ತಂಡ 2021 ಮತ್ತು 2022ರಲ್ಲಿ ಸತತ ಎರಡು ಬಾರಿ ಐ-ಲೀಗ್ ಗೆದ್ದರೂ ಮೇಲೆ ಹೋಗುವ ಮೆಟ್ಟಿಲು ಅದಕ್ಕಿರಲಿಲ್ಲ. 2023ರಲ್ಲಿ ಪಂಜಾಬ್, 2024ರಲ್ಲಿ ಮೊಹಮ್ಮಡನ್ ಸ್ಪೋರ್ಟಿಂಗ್ ಗೆದ್ದು ಬಡ್ತಿ ಪಡೆದವು. ಆದರೆ ಸೂಪರ್ ಲೀಗಿನ ಮೊದಲ ಹನ್ನೊಂದು ಋತುಗಳಲ್ಲಿ ಒಂದೇ ಒಂದು ತಂಡವೂ ಸೋತ ಕಾರಣಕ್ಕೆ ಕೆಳಗಿಳಿಯಲಿಲ್ಲ.

ಹಣವಿಲ್ಲದೆ ಕ್ರೀಡೆ ಬೆಳೆಯುವುದಿಲ್ಲ ಎಂಬ ವಾದವಿದೆ. ಅದನ್ನು ತಳ್ಳಿಹಾಕುವಂತಿಲ್ಲ. ಒಳ್ಳೆಯ ಮೈದಾನ, ನುರಿತ ತರಬೇತಿ, ಆಟಗಾರನಿಗೆ ಗೌರವದ ವೇತನ, ದೂರದರ್ಶನದಲ್ಲಿ ನೋಡುವ ಪ್ರೇಕ್ಷಕ- ಇವೆಲ್ಲ ಸೂಪರ್ ಲೀಗಿನಿಂದ ಬಂದದ್ದು ನಿಜ. ಗೋವಾದ ಹಳೆಯ ಕ್ಲಬ್‌ಗಳು ಹಿಂದೆ ಸರಿದದ್ದು ಐ-ಲೀಗಿನ ದೌರ್ಬಲ್ಯಕ್ಕೂ ಸಾಕ್ಷಿ. ಆದರೆ ಹಣವನ್ನು ಆಟದ ಸೇವೆಗೆ ಕರೆಯುವುದು ಬೇರೆ, ಆಟದ ನಿಯಮವನ್ನೇ ಹಣಕ್ಕೆ ಮಾರುವುದು ಬೇರೆ. ಗೆದ್ದವನು ಮೇಲೇರಬೇಕು, ಸೋತವನು ಕೆಳಗಿಳಿಯಬೇಕು ಎಂಬುದು ಲೀಗ್ ಎಂಬ ವ್ಯವಸ್ಥೆಯ ಆತ್ಮ. ಅದನ್ನು ಕಿತ್ತುಹಾಕಿದ ಮೇಲೆ ಉಳಿಯುವುದು ಪ್ರದರ್ಶನವೇ ಹೊರತು ಸ್ಪರ್ಧೆಯಲ್ಲ.

ಆ ಹಣವಾದರೂ ಶಾಶ್ವತವಾಗಿ ಕೈ ಹಿಡಿಯಿತೇ? 15 ವರ್ಷಗಳ ಒಪ್ಪಂದ ಮುಗಿಯುವ ಹೊತ್ತಿಗೆ, 2025ರ ಜುಲೈಯಲ್ಲಿ, ಸೂಪರ್ ಲೀಗಿನ ಮುಂದಿನ ಋತುವನ್ನೇ ತಡೆಹಿಡಿಯಲಾಯಿತು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಆಟಗಾರರ ಮತ್ತು ಸಿಬ್ಬಂದಿಯ ವೇತನವನ್ನು ಅನಿರ್ದಿಷ್ಟ ಕಾಲ ಸ್ಥಗಿತಗೊಳಿಸಿತು. ಒಂದು ಸಹಿಯ ಮೇಲೆ ನಿಂತಿದ್ದ ಅರಮನೆ, ಆ ಸಹಿಯ ಅವಧಿ ಮುಗಿಯುತ್ತಲೇ ಅಲುಗಾಡಿತು. ಅದೇ ಆಗಸ್ಟ್‌ನಲ್ಲಿ ಫೆಡರೇಷನ್ ರಾಷ್ಟ್ರೀಯ ತಂಡವನ್ನು ಕಾಪಾಡಲು ಯಾರನ್ನು ಕರೆಯಿತು? ಖಾಲಿದ್ ಜಮೀಲ್ ಅವರನ್ನು! ಕೆಲವೇ ವಾರಗಳಲ್ಲಿ ಅವರ ತಂಡ ಮಧ್ಯ ಏಷ್ಯಾದ ನೇಷನ್ಸ್ ಕಪ್‌ನಲ್ಲಿ ಒಮಾನನ್ನು ಮಣಿಸಿ ಮೂರನೆಯ ಸ್ಥಾನ ಪಡೆಯಿತು. 2017ರಲ್ಲಿ ವ್ಯವಸ್ಥೆಗೆ ಬೇಡವಾಗಿದ್ದ ಋತುವಿನ ಶಿಲ್ಪಿಯೇ ಎಂಟು ವರ್ಷಗಳ ಬಳಿಕ ಅದಕ್ಕೆ ಆಸರೆಯಾಗಬೇಕಾಯಿತು.

ನಮ್ಮ ದೇಶದಲ್ಲಿ ‘ಪ್ರತಿಭೆ’ ಎಂಬ ಪದವನ್ನು ಹೆಚ್ಚಾಗಿ ಉಚ್ಚರಿಸುವವರು ಈಗಾಗಲೇ ಮೇಲೆ ಕುಳಿತವರು. ಕೆಳಗಿನವರು ಅವಕಾಶ ಕೇಳಿದಾಗ ‘ಗೆದ್ದು ಬನ್ನಿ’ ಎನ್ನುತ್ತಾರೆ. ಗೆದ್ದು ಬಂದಾಗ ನಿಯಮ ಬದಲಾಗಿರುತ್ತದೆ. ಐಜ್ವಾಲ್‌ನ ಹುಡುಗರು ಯಾವ ರಿಯಾಯಿತಿಯನ್ನೂ ಕೇಳಿರಲಿಲ್ಲ. ಆಡಿ ಗೆದ್ದ ಜಾಗವನ್ನು ಮಾತ್ರ ಕೇಳಿದ್ದರು. ಅಷ್ಟನ್ನೂ ಕೊಡಲಾಗದ ವ್ಯವಸ್ಥೆಯು ವಿಶ್ವಕಪ್ಪಿನ ಕನಸು ಕಾಣುವುದರಲ್ಲಿ ಏನರ್ಥವಿದೆ? ಭಾರತೀಯ ಫುಟ್ಬಾಲನ್ನು ಮತ್ತೆ ಕಟ್ಟಲು ಹೊರಟಿರುವವರು ಹೊಸ ಪ್ರಾಯೋಜಕನನ್ನು ಹುಡುಕುವ ಮೊದಲು ಆ ಋತುವಿನ ಅಂಕಪಟ್ಟಿಯನ್ನೊಮ್ಮೆ ಮುಂದಿಟ್ಟುಕೊಳ್ಳಲಿ. ಅದರ ಮೊದಲ ಸಾಲಿನಲ್ಲಿರುವ ಹೆಸರಿಗೆ ಉತ್ತರ ಕೊಡುವ ಹೊಣೆ ಅವರ ಮೇಲೆ ಈಗಲೂ ಇದೆ.